ಹರ ಮುನಿದರೆ ಗುರು ಕಾಯುವನೆ?

ಹರ ಮುನಿದರೆ ಗುರು ಕಾಯುವನು, ಗುರು ಮುನಿದರೆ ಹರನೂ ಕಾಯಲಾರ ಎಂಬ ಮಾತನ್ನು ಕೇಳಿಕೊಂಡೇ ಬೆಳೆದವರು ನಾವು. ಸೆಪ್ಟೆಂಬರ್ 5ರ ಭಾಷಣಗಳಲ್ಲಿ ಈ ಮಾತು ಬಾರದೆ ಇರುವುದಿಲ್ಲ. ಶಾಲಾ ಶಿಕ್ಷಕಿಯಾಗಿ ಬಹುಕಾಲ ಕಳೆದಿರುವ ನನಗೆ ಅದು ಹಿತವಾಗಿಯೇ ಕೇಳಿಸುತ್ತದೆ. ಆದರೆ ಸಮಾಜ ವಿಜ್ಞಾನದ ಪಾಠ ಹೇಳುವವಳಾದ್ದರಿಂದ ಜೊತೆಗೊಂದು ತಕರಾರೂ ಹುಟ್ಟುತ್ತದೆ. ಹರನ ಜಾಗದಲ್ಲಿ ಸರ್ಕಾರವನ್ನು ಇಟ್ಟು ನೋಡಿದರೆ ಈ ಮಾತು ನಿಂತೀತೆ? ಪರದೇಶದಿಂದ ಓದಲು ಬಂದ ಹುಡುಗಿಯೊಬ್ಬಳ ಮೇಲೆ, ಇಲ್ಲವೆ ವಲಸೆ ಬಂದವರ ಹೊಟ್ಟೆಯಲ್ಲಿ ಹುಟ್ಟಿದ ಹುಡುಗನೊಬ್ಬನ ಮೇಲೆ ಸರ್ಕಾರವೇ ಮುನಿದು ವಿಶ್ವವಿದ್ಯಾನಿಲಯದ ಬಾಗಿಲಿಗೆ ಬಂದರೆ, ಒಳಗಿರುವ ಗುರುಗಳು ಏನು ಮಾಡಿಯಾರು?

ಇದು ನಮಗೆ ದೂರದ ಪ್ರಶ್ನೆಯೇನಲ್ಲ. ನಮ್ಮಂಥ ಸಣ್ಣ ಊರುಗಳಲ್ಲೂ ಮಗನನ್ನೋ ಮಗಳನ್ನೋ ಓದಲು ಅಮೆರಿಕಕ್ಕೆ ಕಳಿಸಿದ ಮನೆಗಳಿವೆ. 2023-24ರ ಶೈಕ್ಷಣಿಕ ವರ್ಷದಲ್ಲಿ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602 ಮಂದಿ. ಆ ವರ್ಷ ಬೇರೆ ಯಾವ ದೇಶದವರೂ ಅಷ್ಟು ಸಂಖ್ಯೆಯಲ್ಲಿರಲಿಲ್ಲ. ಎಫ್-1 ವೀಸಾ, ಐ-20 ಎಂಬ ಹೆಸರುಗಳು ಇಂಗ್ಲಿಷ್ ಬಾರದ ತಾಯಂದಿರ ಬಾಯಲ್ಲೂ ಸಲೀಸಾಗಿ ಓಡಾಡುತ್ತವೆ. 2025ರ ಬೇಸಿಗೆಯಲ್ಲಿ ಒಂದು ಅರಿಸಿನ ಕುಂಕುಮದ ಮನೆಯಲ್ಲಿ ಇದೇ ಮಾತು ಬಂತು. "ಟೀಚರ್, ಕಾಲೇಜಿಗೇ ಬಂದು ಹಿಡ್ಕೊಂಡು ಹೋಗ್ತಾರಂತಲ್ಲ, ಕಾಲೇಜಿನವರು ನೋಡ್ಕೊಂಡು ಸುಮ್ನಿರ್ತಾರಾ?" ಎಂದು ಒಬ್ಬರು ಕೇಳಿದರು. ಅವರ ಮಗಳು ಅಲ್ಲಿ ಎಂ.ಎಸ್. ಓದುತ್ತಿದ್ದಳು. "ಅಮ್ಮಾ, ಇಲ್ಲಿನ ರಾಜಕೀಯದ ಸುದ್ದಿ ಯಾವುದನ್ನೂ ನನ್ನ ಫೋನಿಗೆ ಕಳಿಸಬೇಡ" ಎಂದು ಎಚ್ಚರಿಸಿದ್ದಳಂತೆ. ಆ ತಾಯಿಯ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಉತ್ತರ ಬೇಕಾದರೆ ಎಂಬತ್ತು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

ಅದಕ್ಕೆ ಮೊದಲು ಪಟ್ಟಿಗಳ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಜನಗಣತಿಗೆ, ಮತದಾರರ ಪಟ್ಟಿಯ ಪರಿಷ್ಕರಣೆಗೆ ಹೆಚ್ಚಾಗಿ ಹೋಗುವವರು ಶಾಲಾ ಶಿಕ್ಷಕರೇ. ಹೆಗಲಿಗೊಂದು ಚೀಲ ಹಾಕಿಕೊಂಡು ಹೋದರೆ ಹೆಂಗಸರು ಜಗುಲಿಯ ಮೇಲೆ ಕೂಡಿಸಿ, ಮಜ್ಜಿಗೆ ಕೊಟ್ಟು, ಕೇಳಿದ್ದನ್ನೆಲ್ಲ ಹೇಳುತ್ತಾರೆ. ಮನೆಯಲ್ಲಿ ಎಷ್ಟು ಜನ, ಹುಟ್ಟಿದ್ದೆಲ್ಲಿ, ಮನೆಮಾತು ಯಾವುದು, ಎಲ್ಲವನ್ನೂ. ಕೇಳುತ್ತಿರುವುದು ಸರ್ಕಾರವೆಂದು ಅವರಿಗೆ ಅನ್ನಿಸುವುದಿಲ್ಲ, ಟೀಚರಮ್ಮ ಕೇಳುತ್ತಿದ್ದಾರೆ ಎಂದಷ್ಟೇ ಅನ್ನಿಸುತ್ತದೆ. ಶಾಲೆಯ ದಾಖಲಾತಿ ಪುಸ್ತಕವೂ ಹಾಗೆಯೇ. ಓದಿಸುವುದಕ್ಕೆಂದು ನಂಬಿಕೆಯ ಮೇಲೆ ಬರೆಸಿದ ಹೆಸರು ಅದರಲ್ಲಿರುತ್ತದೆ. ಒಂದು ಉದ್ದೇಶಕ್ಕೆ ಬರೆದ ಪಟ್ಟಿ ಇನ್ನೊಂದು ಉದ್ದೇಶಕ್ಕೆ ಬಳಕೆಯಾದರೆ ಏನಾಗುತ್ತದೆ ಎಂಬುದನ್ನು 1942ರ ಅಮೆರಿಕ ತೋರಿಸಿಕೊಟ್ಟಿತು.

1941ರ ಡಿಸೆಂಬರ್ 7ರಂದು ಜಪಾನು ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೆಯ ಆಜ್ಞೆಗೆ ಸಹಿ ಮಾಡಿದರು. ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆ, ಅಂಗಡಿ, ತೋಟ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಯಾವ ಯಾವ ಬೀದಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ಲೆಕ್ಕ ಹಾಕಲು ಸೈನ್ಯಕ್ಕೆ ನೆರವಾದದ್ದು 1940ರ ಜನಗಣತಿ. ಇವರಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲಿಯೇ ಹುಟ್ಟಿದ ಪ್ರಜೆಗಳು, ಅಂದರೆ ವಲಸೆ ಬಂದವರ ಮಕ್ಕಳು. ತಂದೆತಾಯಿಗಳಂತೂ ಎಷ್ಟು ವರ್ಷ ದುಡಿದರೂ ಅಮೆರಿಕದ ಪ್ರಜೆಗಳಾಗುವಂತಿರಲಿಲ್ಲ. ಆಗಿನ ಕಾನೂನೇ ಅದನ್ನು ತಡೆದಿತ್ತು. ಶಿಬಿರಗಳು ಸಿದ್ಧವಾಗುವ ತನಕ ಅನೇಕ ಸಂಸಾರಗಳು ಕುದುರೆ ಜೂಜಿನ ಮೈದಾನಗಳ ಲಾಯಗಳಲ್ಲಿ ದಿನ ಕಳೆದವು. ಲದ್ದಿಯ ವಾಸನೆ ಹೋಗದ ಕೋಣೆಯಲ್ಲಿ ಹಾಸಿಗೆ ಹಾಸಿ ಮಕ್ಕಳನ್ನು ಮಲಗಿಸಬೇಕಾಗಿ ಬಂದ ಆ ತಾಯಂದಿರ ಸಂಕಟವನ್ನು ನಾವು ಊಹಿಸಿಕೊಳ್ಳಬಲ್ಲೆವು.

ಆಗ ಪಶ್ಚಿಮ ಕರಾವಳಿಯ ಕಾಲೇಜುಗಳಲ್ಲಿ ಇಂಥ ಸುಮಾರು 2,500 ವಿದ್ಯಾರ್ಥಿಗಳಿದ್ದರು. ಜಪಾನೀ ಭಾಷೆಯಲ್ಲಿ ಎರಡನೆಯ ತಲೆಮಾರು ಎಂಬರ್ಥದಲ್ಲಿ ಅವರನ್ನು ನಿಸೇ ಎನ್ನುತ್ತಿದ್ದರು. ರಾತ್ರಿ 8 ಗಂಟೆಯ ಮೇಲೆ ಅವರು ಹೊರಗೆ ಕಾಣಿಸಿಕೊಳ್ಳುವಂತಿರಲಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಗಾರ್ಡನ್ ಹಿರಾಬಯಾಷಿ ಎಂಬ ಯುವಕ ಎಂಟು ಗಂಟೆಯಾಗುತ್ತಲೇ ಗ್ರಂಥಾಲಯದಿಂದ ವಸತಿಗೃಹಕ್ಕೆ ಓಡಬೇಕಾಗಿತ್ತು. ಅವನ ಜೊತೆಯವರು ಅಲ್ಲಿಯೇ ಕುಳಿತು ಓದುತ್ತಿದ್ದರು. ಒಂದು ರಾತ್ರಿ ಅವನಿಗೆ, ನಾನೂ ಅವರ ಹಾಗೆಯೇ ಪ್ರಜೆಯಲ್ಲವೆ, ನಾನೊಬ್ಬನೇ ಏಕೆ ಓಡಬೇಕು ಅನ್ನಿಸಿತು. ಹೊರಟವನು ಗ್ರಂಥಾಲಯಕ್ಕೆ ಹಿಂತಿರುಗಿದ. 1942ರ ಮೇ ತಿಂಗಳಿನಲ್ಲಿ, ಈ ಆಜ್ಞೆಯನ್ನು ನಾನು ಪಾಲಿಸಲಾರೆ ಎಂದು ಬರೆದುಕೊಂಡು ತಾನಾಗಿಯೇ ಅಧಿಕಾರಿಗಳ ಮುಂದೆ ಹಾಜರಾದ. ಸುಪ್ರೀಂ ಕೋರ್ಟು 1943ರಲ್ಲಿ ಅವನ ವಿರುದ್ಧವೇ ತೀರ್ಪು ಕೊಟ್ಟಿತು. ಆ ಶಿಕ್ಷೆ ರದ್ದಾಗುವ ಹೊತ್ತಿಗೆ 1987 ಬಂದಿತ್ತು.

ಗುರುಗಳ ಕಥೆ ಶುರುವಾಗುವುದು ಇಲ್ಲಿ. ಈ ಬಂಧನವನ್ನು ಯಾವ ವಿಶ್ವವಿದ್ಯಾನಿಲಯವೂ ತಡೆಯಲಿಲ್ಲ. ತಡೆಯುವ ಶಕ್ತಿಯೂ ಅವುಗಳಿಗಿರಲಿಲ್ಲ. ಆದರೆ ಕೆಲವರು, ಮಕ್ಕಳನ್ನು ಒಯ್ದರೂ ಅವರ ಓದನ್ನು ಒಯ್ಯಗೊಡುವುದಿಲ್ಲ ಎಂದು ಹೊರಟರು. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಅಧ್ಯಕ್ಷ ಲೀ ಪಾಲ್ ಸೀಗ್ ಒಳನಾಡಿನ ಕಾಲೇಜುಗಳಿಗೆ, ನಮ್ಮ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಿ ಎಂದು ಪತ್ರ ಬರೆದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರಾಬರ್ಟ್ ಗಾರ್ಡನ್ ಸ್ಪ್ರೌಲ್ ಸರ್ಕಾರದ ಮುಂದೆ ಇದೇ ಬೇಡಿಕೆ ಇಟ್ಟರು. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರ ಮುಂದಾಳತ್ವದಲ್ಲಿ 1942ರ ಮೇ 29ರಂದು ಷಿಕಾಗೋದಲ್ಲಿ ಒಂದು ಸಭೆ ಸೇರಿತು. ಅಲ್ಲಿ ಹುಟ್ಟಿದ್ದು ಜಪಾನೀ ಅಮೆರಿಕನ್ ವಿದ್ಯಾರ್ಥಿಗಳ ಸ್ಥಳಾಂತರ ಮಂಡಳಿ. ಸ್ವಾರ್ತ್‌ಮೋರ್ ಕಾಲೇಜಿನ ಅಧ್ಯಕ್ಷ ಜಾನ್ ನೇಸನ್ ಅದರ ಮುಖ್ಯಸ್ಥರಾದರು.

ಮಂಡಳಿಯ ಕೆಲಸವೆಂದರೆ ಬಹುಮಟ್ಟಿಗೆ ಗುಮಾಸ್ತೆಯ ಕೆಲಸ. ಒಬ್ಬ ವಿದ್ಯಾರ್ಥಿ ಶಿಬಿರದಿಂದ ಹೊರಬೀಳಬೇಕಾದರೆ ಎಷ್ಟು ಕಾಗದ ಬೇಕಾಗಿತ್ತು ನೋಡಿ. ಸೇರಿಸಿಕೊಳ್ಳುತ್ತೇವೆ ಎಂದು ಕಾಲೇಜಿನ ಪತ್ರ, ಆ ಕಾಲೇಜಿಗೆ ಸೈನ್ಯದ ಒಪ್ಪಿಗೆ, ಖರ್ಚಿಗೆ ಹಣವಿದೆ ಎಂಬ ಪುರಾವೆ, ಇವರು ಬಂದರೆ ಊರಿನವರ ವಿರೋಧವಿಲ್ಲ ಎಂದು ಆ ಊರಿನ ಅಧಿಕಾರಿಯಿಂದ ಇನ್ನೊಂದು ಪತ್ರ, ಇಷ್ಟಾದ ಮೇಲೆ ಗುಪ್ತ ಪೊಲೀಸರ ತಪಾಸಣೆ. ಯುದ್ಧದ ಸಂಶೋಧನೆ ನಡೆಯುತ್ತಿದ್ದ ದೊಡ್ಡ ವಿಶ್ವವಿದ್ಯಾನಿಲಯಗಳ ಬಾಗಿಲು ಮೊದಮೊದಲು ತೆರೆಯಲೇ ಇಲ್ಲ. ಹೀಗಿದ್ದೂ ಪತ್ರದ ಮೇಲೆ ಪತ್ರ ಬರೆದು, ಚರ್ಚುಗಳಿಂದ ವಿದ್ಯಾರ್ಥಿವೇತನ ಬೇಡಿ, 1946ರ ಹೊತ್ತಿಗೆ ಸುಮಾರು 4,000 ಹುಡುಗ ಹುಡುಗಿಯರನ್ನು 600ಕ್ಕೂ ಹೆಚ್ಚು ಕಾಲೇಜುಗಳಿಗೆ ಸೇರಿಸಿದರು. ಓಹಾಯೋದ ಓಬರ್ಲಿನ್ ಕಾಲೇಜಿನಲ್ಲಿ ಹೀಗೆ ಬಂದ ಕೆಂಜಿ ಒಕುಡಾನನ್ನು ವಿದ್ಯಾರ್ಥಿಗಳು ತಮ್ಮ ಸಂಘದ ಅಧ್ಯಕ್ಷನನ್ನಾಗಿಯೇ ಆರಿಸಿದರು.

ಇವರಲ್ಲಿ ಹಾರ್ವೆ ಇಟಾನೋ ಎಂಬಾತನ ವಿಷಯವನ್ನು ಬಿಡಲಾರೆ. 1942ರಲ್ಲಿ ಬರ್ಕ್‌ಲಿಯಲ್ಲಿ ಎಲ್ಲರಿಗಿಂತ ಮೇಲಿನ ವಿದ್ಯಾರ್ಥಿ ಎಂದು ವಿಶ್ವವಿದ್ಯಾನಿಲಯದ ಪದಕ ಅವನಿಗೆ ಬಂದಿತ್ತು. ಘಟಿಕೋತ್ಸವದ ದಿನ ಹೆಸರು ಕೂಗಿದಾಗ ಆತ ಅಲ್ಲಿರಲಿಲ್ಲ. ಸ್ಯಾಕ್ರಮೆಂಟೋದ ಬಂಧನ ಕೇಂದ್ರದಲ್ಲಿದ್ದ. ಅವನ ದೇಶ ಅವನನ್ನು ಬೇರೆಡೆಗೆ ಕರೆದಿದೆ ಎಂಬರ್ಥದ ಮಾತನ್ನು ಸ್ಪ್ರೌಲ್ ಸಭೆಯಲ್ಲಿ ಆಡಿದರು. ಮಂಡಳಿಯ ನೆರವಿನಿಂದ ಅದೇ ಬೇಸಿಗೆಯಲ್ಲಿ ಇಟಾನೋ ಸೇಂಟ್ ಲೂಯಿಯ ವೈದ್ಯ ಕಾಲೇಜು ಸೇರಿದ. 1949ರಲ್ಲಿ ಲೈನಸ್ ಪಾಲಿಂಗರ ಜೊತೆ ಸೇರಿ, ಕುಡಗೋಲು ಕಣದ ರಕ್ತಹೀನತೆಗೆ ಕಾರಣ ಹಿಮೋಗ್ಲೋಬಿನ್ನಿನ ಅಣುವಿನಲ್ಲಿರುವ ದೋಷವೆಂದು ತೋರಿಸಿಕೊಟ್ಟವರಲ್ಲಿ ಆತನೂ ಒಬ್ಬ. ಈ ರೋಗ ನಮ್ಮ ದೇಶದ ಬುಡಕಟ್ಟು ಜನರನ್ನೂ ಕಾಡುತ್ತಿರುವಂಥದು. ಮುಳ್ಳುತಂತಿಯೊಳಗೇ ಉಳಿದು ಓದು ಕೈತಪ್ಪಿದವರು ಇನ್ನೆಷ್ಟು ಮಂದಿಯೋ, ಅವರಿಂದ ಏನೇನು ಆಗಬಹುದಿತ್ತೋ ಎಂದು ಮನಸ್ಸು ಮರುಗುತ್ತದೆ.

ಎಲ್ಲ ಗುರುಗಳೂ ಹೀಗಿರಲಿಲ್ಲ. ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಾನ್ ಕ್ಲೈನ್‌ಸ್ಮಿಡ್ ತನ್ನ ನಿಸೇ ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನೇ ಬೇರೆ ಕಾಲೇಜುಗಳಿಗೆ ಕಳಿಸಿಕೊಡಲಿಲ್ಲ. ಟಿ.ಸಿ. ಕೊಡದೆ ಸತಾಯಿಸಿದರೆ ಒಂದು ಮಗುವಿನ ವರ್ಷವೇ ಹೇಗೆ ಹಾಳಾಗುತ್ತದೆಂದು ನಮ್ಮ ಊರಿನ ಯಾವ ತಾಯಿಗೂ ಹೇಳಿಕೊಡಬೇಕಾಗಿಲ್ಲ. ಇಡಾಹೊ ರಾಜ್ಯದಲ್ಲಿ ಇನ್ನೊಂದು ನಡೆಯಿತು. ಸೇರಿಸಿಕೊಳ್ಳುತ್ತೇವೆಂಬ ಭರವಸೆಯ ಮೇಲೆ ಆರು ನಿಸೇ ವಿದ್ಯಾರ್ಥಿಗಳು ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಹೋದರು. ಊರಿನವರ ಗದ್ದಲಕ್ಕೆ ಹೆದರಿ ವಿಶ್ವವಿದ್ಯಾನಿಲಯ ಬಾಗಿಲು ಹಾಕಿತು. ಅವರಲ್ಲಿ ಇಬ್ಬರು ಹುಡುಗಿಯರನ್ನು ಜನರ ಕೈಯಿಂದ ಕಾಪಾಡಲು ಜೈಲಿನಲ್ಲಿ ಇರಿಸಬೇಕಾಯಿತು. ಪುಸ್ತಕದ ಪೆಟ್ಟಿಗೆ ಹಿಡಿದು ಹೋದವರಿಗೆ ಸಿಕ್ಕಿದ್ದು ಜೈಲಿನ ಕೋಣೆ. ಗುರು ಮುನಿದರೆ ಹರನೂ ಕಾಯಲಾರ ಎಂಬ ಮಾತಿನ ಎರಡನೆಯ ಅರ್ಧ ಎಷ್ಟು ನಿಜವೆಂಬುದು ನನಗೆ ಅರ್ಥವಾದದ್ದು ಇದನ್ನು ಓದಿದಾಗ.

ಯುದ್ಧ ಮುಗಿದರೂ ಈ ಪ್ರಶ್ನೆ ಮುಗಿಯಲಿಲ್ಲ. 1979ರ ನವೆಂಬರಿನಲ್ಲಿ ಟೆಹರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿಯವರನ್ನು ಒತ್ತೆಯಿಟ್ಟಾಗ, ಅಮೆರಿಕದಲ್ಲಿದ್ದ ಇರಾನಿನ ವಿದ್ಯಾರ್ಥಿಗಳೆಲ್ಲರೂ ವಲಸೆ ಅಧಿಕಾರಿಗಳ ಮುಂದೆ ಹಾಜರಾಗಿ ವಿಳಾಸ, ದಾಖಲಾತಿ ತೋರಿಸಬೇಕೆಂದು ಅಧ್ಯಕ್ಷ ಕಾರ್ಟರ್ ಆಜ್ಞೆ ಮಾಡಿದರು. ಒಂದು ನ್ಯಾಯಾಲಯ ಅದು ತಪ್ಪೆಂದಿತು, ಮೇಲಿನ ನ್ಯಾಯಾಲಯ ಅದೇ ಡಿಸೆಂಬರಿನಲ್ಲಿ ಸರಿಯೆಂದಿತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರವಂತೂ ಪಟ್ಟಿಯ ಸ್ವರೂಪವೇ ಬದಲಾಯಿತು. 2003ರಿಂದ ಪ್ರತಿ ವಿದೇಶಿ ವಿದ್ಯಾರ್ಥಿಯ ವಿವರವನ್ನೂ ಕಾಲೇಜುಗಳೇ ಸೆವಿಸ್ ಎಂಬ ಸರ್ಕಾರಿ ಗಣಕ ದಾಖಲೆಗೆ ಬರೆಯಬೇಕಾಯಿತು. ಯಾವ ವಿಷಯ ಓದುತ್ತಿದ್ದಾನೆ, ಎಲ್ಲಿ ವಾಸ, ತರಗತಿ ಬಿಟ್ಟನೆ, ಎಲ್ಲವೂ ಅದರಲ್ಲಿ. ಹೀಗೆ ಹಾಜರಿ ಪುಸ್ತಕದ ಒಂದು ಪ್ರತಿ ಸದಾ ಸರ್ಕಾರದ ಮೇಜಿನ ಮೇಲೆಯೇ ಇರುವಂತಾಯಿತು.

ಸರ್ಕಾರಕ್ಕೂ ಅದರದೇ ಕಾರಣಗಳಿವೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ತನ್ನ ದೇಶಕ್ಕೆ ಯಾರು ಬಂದರು, ಬಂದವರು ಹೇಳಿದ ಕೆಲಸವನ್ನೇ ಮಾಡುತ್ತಿದ್ದಾರೆಯೆ ಎಂದು ಕೇಳುವ ಹಕ್ಕು ಯಾವ ದೇಶಕ್ಕೂ ಇದೆ. ವಿದ್ಯೆಯ ಹೆಸರಿನಲ್ಲಿ ವೀಸಾ ಮಾರುವವರೂ ಇದ್ದಾರೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಎಂಬ ವಿಶ್ವವಿದ್ಯಾನಿಲಯದ ಮೋಸ ಬಯಲಾಯಿತು. ಅದರ ಒಡತಿಗೆ ಮುಂದೆ ಶಿಕ್ಷೆಯೂ ಆಯಿತು. ಆದರೆ ಮೊದಲು ಅವಮಾನ ಉಂಡವರು ಹಣ ಕಟ್ಟಿದ ವಿದ್ಯಾರ್ಥಿಗಳು. ಕೆಲವು ಭಾರತೀಯ ಹುಡುಗ ಹುಡುಗಿಯರ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿದ ಚಿತ್ರಗಳನ್ನು ನಮ್ಮ ಪತ್ರಿಕೆಗಳಲ್ಲಿ ನೋಡಿದ್ದು ನಿಮಗೆ ನೆನಪಿರಬಹುದು. ಮಿಷಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾನಿಲಯದ ಕಥೆ ಇನ್ನೂ ವಿಚಿತ್ರ. ಅದನ್ನು ತೆರೆದದ್ದೇ ವಲಸೆ ಇಲಾಖೆಯ ಗುಪ್ತ ಅಧಿಕಾರಿಗಳು. ಅದರಲ್ಲಿ ಮೇಷ್ಟರೂ ಇರಲಿಲ್ಲ, ಪಾಠವೂ ಇರಲಿಲ್ಲ, ಶುಲ್ಕ ಮಾತ್ರ ವಸೂಲಾಗುತ್ತಿತ್ತು. 2019ರ ಜನವರಿ ಕೊನೆಯಲ್ಲಿ ಹಿಡಿದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಪಾಠವಿಲ್ಲವೆಂದು ತಿಳಿದೇ ಸೇರಿದ್ದರು ಎಂದು ಸರ್ಕಾರ ಹೇಳಿತು, ನಂಬಿ ಮೋಸಹೋದೆವು ಎಂದು ವಿದ್ಯಾರ್ಥಿಗಳು ಹೇಳಿದರು. ಕಟ್ಟಿದ ಶುಲ್ಕಕ್ಕಾಗಿ ಒಬ್ಬ ವಿದ್ಯಾರ್ಥಿ ಹೂಡಿದ ದಾವೆಯನ್ನು ನಡೆಸಬಹುದೆಂದು ಮೇಲ್ಮನವಿ ನ್ಯಾಯಾಲಯ 2024ರಲ್ಲಿ ಹೇಳಿತು. ತಪ್ಪು ಯಾರದೇ ಇರಲಿ, ದಾಖಲಾತಿ ಪುಸ್ತಕವನ್ನೇ ಇಲಿಬೋನಿನ ಕೊಬ್ಬರಿ ಚೂರು ಮಾಡಿಕೊಂಡದ್ದನ್ನು ಕಂಡರೆ ಪಾಠ ಹೇಳುವ ಯಾರಿಗೂ ಕಸಿವಿಸಿಯಾಗುತ್ತದೆ.

ಈ ನಡುವೆ ಒಂದು ಒಳ್ಳೆಯ ಕಟ್ಟಳೆಯೂ ಬಂದಿತ್ತು. ಶಾಲೆ, ಕಾಲೇಜು, ಆಸ್ಪತ್ರೆ, ಪ್ರಾರ್ಥನಾ ಮಂದಿರಗಳಲ್ಲಿ ತೀರ ಅನಿವಾರ್ಯವಲ್ಲದೆ ಬಂಧನ ಮಾಡಬಾರದೆಂದು 2011ರ ಅಕ್ಟೋಬರಿನಲ್ಲಿ ವಲಸೆ ಇಲಾಖೆಯೇ ತನ್ನ ಅಧಿಕಾರಿಗಳಿಗೆ ಸೂಚನೆ ಕೊಟ್ಟಿತು. 2021ರಲ್ಲಿ ಅದು ಇನ್ನಷ್ಟು ವಿಸ್ತಾರವಾಯಿತು. ಆದರೆ ಅದು ಕಾನೂನಲ್ಲ, ಬರಿಯ ಸುತ್ತೋಲೆ. ಒಂದು ಸುತ್ತೋಲೆಯನ್ನು ಇನ್ನೊಂದು ಸುತ್ತೋಲೆ ಅಳಿಸಬಲ್ಲದು. 2025ರ ಜನವರಿಯಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಅದನ್ನು ಹಿಂತೆಗೆದುಕೊಂಡಿತು.

ಮಾರ್ಚ್ 8ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ವಸತಿ ಕಟ್ಟಡದಲ್ಲಿಯೇ ಮಹಮೂದ್ ಖಲೀಲ್ ಎಂಬ ವಿದ್ಯಾರ್ಥಿ ಮುಖಂಡನನ್ನು ಬಂಧಿಸಿದರು. ನನಗೆ ರಕ್ಷಣೆ ಬೇಕೆಂದು ಹಿಂದಿನ ದಿನವಷ್ಟೇ ಆತ ವಿಶ್ವವಿದ್ಯಾನಿಲಯಕ್ಕೆ ಬರೆದಿದ್ದ. ಮಾರ್ಚ್ 25ರ ಸಂಜೆ ಬಾಸ್ಟನ್ ಬಳಿ, ರಂಜಾನಿನ ಉಪವಾಸ ಬಿಡಲು ಗೆಳತಿಯರಲ್ಲಿಗೆ ನಡೆದುಹೋಗುತ್ತಿದ್ದ ರುಮೇಸಾ ಓಜ್‌ತುರ್ಕ್ ಎಂಬ ತುರ್ಕಿಯ ಹೆಣ್ಣುಮಗಳನ್ನು ಮುಖ ಮುಚ್ಚಿಕೊಂಡಿದ್ದ ಅಧಿಕಾರಿಗಳು ಬೀದಿಯಲ್ಲಿ ಸುತ್ತುವರಿದು ಹಿಡಿದರು. ಆಕೆ ಟಫ್ಟ್ಸ್ ವಿಶ್ವವಿದ್ಯಾನಿಲಯದಲ್ಲಿ ಮಕ್ಕಳ ಬೆಳವಣಿಗೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದವಳು. ಅವಳ ವೀಸಾ ಆಗಲೇ ರದ್ದಾಗಿತ್ತು, ಅದು ಅವಳಿಗೆ ಗೊತ್ತೇ ಇರಲಿಲ್ಲ. ಅಲ್ಲಿಂದ ದೂರದ ಲೂಯಿಸಿಯಾನಕ್ಕೆ ಸಾಗಿಸಿದರು. ನ್ಯಾಯಾಲಯದಲ್ಲಿ ಕೊನೆಗೂ ಎದ್ದು ಕಂಡ ಕಾರಣ ಒಂದೇ: 2024ರ ಮಾರ್ಚಿನಲ್ಲಿ ವಿದ್ಯಾರ್ಥಿ ಪತ್ರಿಕೆಯಲ್ಲಿ ಇತರ ಮೂವರೊಡನೆ ಅವಳು ಬರೆದ ಲೇಖನ. ಗಾಜಾ ವಿಷಯದಲ್ಲಿ ತನ್ನ ವಿಶ್ವವಿದ್ಯಾನಿಲಯದ ಆಡಳಿತವೇ ಸರಿಯಾಗಿ ನಡೆದುಕೊಳ್ಳಲಿಲ್ಲ ಎಂದು ಆ ಲೇಖನದಲ್ಲಿ ಟೀಕೆ ಇತ್ತು.

ನೀವು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅವಳು ಟೀಕಿಸಿದ್ದು ಗುರುಗಳನ್ನೇ. ಅವರು ಮುನಿಸು ತೋರಿಸುವುದಿದ್ದರೆ ಬರಿದೆ ಸುಮ್ಮನಿದ್ದರೂ ಸಾಕಾಗಿತ್ತು. ಟಫ್ಟ್ಸ್‌ನ ಅಧ್ಯಕ್ಷ ಸುನಿಲ್ ಕುಮಾರ್ ನಮಗೆ ಪೂರ್ತಿ ಅಪರಿಚಿತರಲ್ಲ. ಮಂಗಳೂರು ವಿಶ್ವವಿದ್ಯಾನಿಲಯದ ಇಂಜಿನಿಯರಿಂಗ್ ಪದವಿ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಸಂಶೋಧನೆಗೆಂದು ಅಮೆರಿಕಕ್ಕೆ ಹೋದವರು. ಒಂದು ಕಾಲಕ್ಕೆ ತಾವೂ ವಿದೇಶಿ ವಿದ್ಯಾರ್ಥಿಯಾಗಿದ್ದವರು. ಅವರು ನ್ಯಾಯಾಲಯಕ್ಕೆ ಲಿಖಿತ ಹೇಳಿಕೆ ಕೊಟ್ಟರು. ಈಕೆ ನಮ್ಮಲ್ಲಿ ಒಳ್ಳೆಯ ಹೆಸರಿರುವ ವಿದ್ಯಾರ್ಥಿನಿ, ಆ ಲೇಖನ ನಮ್ಮ ಯಾವ ನಿಯಮವನ್ನೂ ಮೀರಿಲ್ಲ, ತಡಮಾಡದೆ ಬಿಟ್ಟರೆ ಬಂದು ಓದು ಮುಗಿಸಲಿ ಎಂಬುದು ಅದರ ಸಾರ. ಮೇ 9ರಂದು ನ್ಯಾಯಾಧೀಶರು ಅವಳನ್ನು ಬಿಡುಗಡೆ ಮಾಡಿದರು. ಈ ಹೇಳಿಕೆಯೊಂದರಿಂದಲೇ ಬಿಡುಗಡೆಯಾಯಿತೆಂದು ನಾನು ಹೇಳುವುದಿಲ್ಲ; ವಕೀಲರ ಶ್ರಮವಿತ್ತು, ಸಂವಿಧಾನದ ಪ್ರಶ್ನೆಯಿತ್ತು. ಆದರೆ ದಾಖಲಾತಿ ಪುಸ್ತಕವನ್ನು ಇಟ್ಟುಕೊಂಡವರು ಅದನ್ನು ತೆರೆದು, ಈ ಹೆಸರು ನಮ್ಮದು ಎಂದು ಕೋರ್ಟಿನಲ್ಲಿ ಹೇಳಿದರಲ್ಲ, ಅದು ಸಣ್ಣ ಸಂಗತಿಯೇನಲ್ಲ.

ಅದೇ ಏಪ್ರಿಲಿನಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಹೆಸರು ಸೆವಿಸ್ ದಾಖಲೆಯಲ್ಲಿ ಇದ್ದಕ್ಕಿದ್ದಂತೆ ರದ್ದಾಯಿತು. ನಮ್ಮ ದೇಶದವರೂ ಅವರಲ್ಲಿ ಬಹಳ ಮಂದಿ ಇದ್ದರು. ಕಾಲೇಜುಗಳಿಗೆ ಯಾರೂ ತಿಳಿಸಿರಲಿಲ್ಲ. ಕಚೇರಿಯಲ್ಲಿ ಕುಳಿತ ಸಿಬ್ಬಂದಿ ದಿನವೂ ಒಂದೊಂದೇ ಹೆಸರನ್ನು ತೆಗೆದು ನೋಡಿ, ರದ್ದಾದವರನ್ನು ಕರೆದು ಹೇಳಿ, ವಕೀಲರ ಬಳಿಗೆ ಕಳಿಸಿದರು. ನ್ಯಾಯಾಲಯಗಳಿಂದ ತಡೆಯಾಜ್ಞೆಗಳು ಒಂದರ ಹಿಂದೊಂದು ಬಂದಾಗ, ಏಪ್ರಿಲ್ 25ರಂದು ಸರ್ಕಾರ ಆ ಹೆಸರುಗಳನ್ನು ಮತ್ತೆ ಸೇರಿಸುವುದಾಗಿ ಒಪ್ಪಿಕೊಂಡಿತು.

ಹಾಗಾದರೆ ಕಾಲೇಜಿನವರ ಕೈಯಲ್ಲಿ ಇರುವುದೇನು? ಅಧಿಕಾರಿಗಳಿಗೆ ಅಡ್ಡ ನಿಲ್ಲುವಂತಿಲ್ಲ, ಸುಳ್ಳು ಹೇಳುವಂತಿಲ್ಲ. ಎಲ್ಲರೂ ಓಡಾಡುವ ಬಯಲಿಗೆ, ದಾರಿಗೆ ಅವರು ಬರುವುದನ್ನು ತಡೆಯಲೂ ಆಗದು. ಆದರೆ ಬೀಗವಿರುವ ವಸತಿಗೃಹದ ಕೋಣೆಯ ಮುಂದೆ ನಿಂತು, ತಂದ ವಾರಂಟನ್ನು ತೋರಿಸಿ ಎನ್ನಬಹುದು. ಸಹಿ ನ್ಯಾಯಾಧೀಶರದೋ, ವಲಸೆ ಇಲಾಖೆಯ ಅಧಿಕಾರಿಯದೋ ನೋಡಬಹುದು. ಎರಡೂ ವಾರಂಟೇ ಆದರೂ, ಖಾಸಗಿ ಜಾಗಕ್ಕೆ ಹೋಗಲು ನ್ಯಾಯಾಧೀಶರ ಸಹಿ ಬೇಕೆಂಬುದು ಅಲ್ಲಿ ಬಹುಕಾಲದಿಂದ ನಡೆದುಬಂದ ತಿಳಿವಳಿಕೆ. ಶಾಲೆ ಬಿಡುವ ಹೊತ್ತಿಗೆ ಗುರುತಿಲ್ಲದವರು ಬಂದು ಮಗುವನ್ನು ಕಳಿಸಿ ಎಂದರೆ ನಾವೂ ಚೀಟಿ ಕೇಳುತ್ತೇವೆ, ಸಹಿ ನೋಡುತ್ತೇವೆ, ಮನೆಗೆ ಫೋನು ಮಾಡುತ್ತೇವೆ. ಅದಕ್ಕಿಂತ ದೊಡ್ಡ ಶೌರ್ಯವೇನೂ ಇಲ್ಲಿ ಬೇಕಾಗಿಲ್ಲ. ಕಾನೂನು ಕೇಳದ ಹೆಸರನ್ನು ತಾನಾಗಿ ಕೊಡದಿರುವುದು, ಕೊಡಬೇಕಾದ ಅಂಕಪಟ್ಟಿಯನ್ನು ತಡೆಯದಿರುವುದು, ಹೇಳಬೇಕಾದ ಒಳ್ಳೆಯ ಮಾತನ್ನು ಬರೆದು ಸಹಿ ಹಾಕುವುದು, ಇಷ್ಟನ್ನೇ 1942ರ ಒಳ್ಳೆಯ ಗುರುಗಳೂ ಮಾಡಿದ್ದು. ಹರನ ಮುನಿಸು ಇದರಿಂದ ಇಳಿಯದಿರಬಹುದು. ಮಗುವಿನ ಓದು ಉಳಿದೀತು.

ತಪ್ಪಿದವರು ಒಪ್ಪಿಕೊಳ್ಳುವುದು ಬಹಳ ತಡವಾಗಿ. 1988ರಲ್ಲಿ ಅಮೆರಿಕ ಸರ್ಕಾರ ಕ್ಷಮೆ ಕೇಳಿ, ಬದುಕುಳಿದಿದ್ದ ಒಬ್ಬೊಬ್ಬರಿಗೂ 20,000 ಡಾಲರ್ ಪರಿಹಾರ ಕೊಡಲು ಕಾಯಿದೆ ಮಾಡಿತು. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯ ಅಂದಿನ ತನ್ನ ನಿಸೇ ವಿದ್ಯಾರ್ಥಿಗಳನ್ನು ಕರೆದು ಗೌರವ ಪದವಿ ಕೊಟ್ಟಿತು. ಎಂಬತ್ತು ದಾಟಿದ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಬಂದು ಪದವಿ ಸ್ವೀಕರಿಸಿದರು. ಅಂಕಪಟ್ಟಿ ತಡೆಹಿಡಿದಿದ್ದ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯ ಕ್ಷಮೆ ಕೇಳಿದ್ದು 2022ರಲ್ಲಿ, ಅಷ್ಟು ಹೊತ್ತಿಗೆ ಅನೇಕರ ಪದವಿಯನ್ನು ಅವರ ಮಕ್ಕಳೇ ತೆಗೆದುಕೊಳ್ಳಬೇಕಾಯಿತು.

ಆದರೆ ಉಪಕಾರ ಪಡೆದವರು ಇಷ್ಟು ಕಾಲ ಕಾಯಲಿಲ್ಲ. ಮಂಡಳಿಯ ನೆರವಿನಿಂದ ಓದಿದ ಕೆಲವರು 1980ರಲ್ಲಿ ಒಂದು ವಿದ್ಯಾರ್ಥಿವೇತನದ ನಿಧಿ ಕಟ್ಟಿದರು. ಅದನ್ನು ತಮ್ಮವರಿಗೆಂದು ಮೀಸಲಿಡಲಿಲ್ಲ. ವಿಯೆಟ್ನಾಮ್, ಕಾಂಬೋಡಿಯಾ, ಲಾವೋಸ್‌ಗಳಿಂದ ಎಲ್ಲವನ್ನೂ ಕಳೆದುಕೊಂಡು ಬಂದ ನಿರಾಶ್ರಿತರ ಮಕ್ಕಳಿಗೆ ಅದರಿಂದ ಕಾಲೇಜಿನ ಖರ್ಚಿಗೆ ಹಣ ಕೊಡುತ್ತ ಬಂದರು. ತಮ್ಮ ಹೆಸರನ್ನು ಯಾರೋ ಗುರುತಿಲ್ಲದವರು ಒಂದು ಪುಸ್ತಕದಲ್ಲಿ ಬರೆದುಕೊಂಡು ಜಾಗ ಕೊಟ್ಟಿದ್ದರು. ಆ ಋಣವನ್ನು ಅವರು ಗುರುತಿಲ್ಲದ ಇನ್ನೊಬ್ಬರ ಮಕ್ಕಳಿಗೆ ತೀರಿಸಿದರು.